ನಾನು ಮಾರಿದ ಕೋಳಿ

ದೇವರಮನೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಪಕ್ಕ ನಮ್ಮ ಮನೆ. ಅಮ್ಮಿ ಆರು ಗಿರಿರಾಜ ಹೇಂಟೆಗಳನ್ನು ಸಾಕಿದ್ದರು. ಮೊಟ್ಟೆ ಮಾರಿದ ದುಡ್ಡಿನಲ್ಲೇ ನನ್ನ ಬಸ್ಸಿನ ಖರ್ಚು ನಡೆಯುತ್ತದೆ. ನಾನು ಕಾಮರ್ಸ್ ಸೇರಿದ ಮೇಲೆ ಅದರ ಲೆಕ್ಕ ಬರೆಯುವ ಕೆಲಸ ನನ್ನದಾಯಿತು.

ಆರೂ ಒಂದೇ ದಿನ, ಒಂದೇ ಪೆಟ್ಟಿಗೆಯಲ್ಲಿ ಬಂದ ಮರಿಗಳು. ಬೆಳೆದ ಮೇಲೆ ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಒಂದು ಹೊಂಬಣ್ಣ, ಒಂದು ಕಪ್ಪು, ಒಂದು ಬೂದಿ, ಒಂದಕ್ಕೆ ಮೈತುಂಬ ಚುಕ್ಕಿ, ಉಳಿದೆರಡು ಕಂದು. ಗಿರಿರಾಜ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ತಳಿ. ಅದಕ್ಕೇ ಇಷ್ಟು ಬಣ್ಣ. ಗಿಡಗಳ ನಡುವೆ ಮೇಯುವಾಗ ಬಿಳಿ ಕೋಳಿಯಂತೆ ಗಿಡುಗನ ಕಣ್ಣಿಗೆ ಬೇಗ ಬೀಳುವುದಿಲ್ಲ. ಹತ್ತನೇ ತರಗತಿಯಲ್ಲಿ ಮೆಂಡೆಲ್ ಅವರ ಬಟಾಣಿ ಗಿಡದ ಪಾಠ ಓದಿದ್ದೆವಲ್ಲ, ಅದೇ ನಿಯಮ ಕೋಳಿಗಳಿಗೂ ಇದೆಯೆಂದು 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ ಜುಟ್ಟಿನ ಆಕಾರ ನೋಡಿ ತೋರಿಸಿದ್ದರು.

ನನ್ನ ಪುಸ್ತಕದಲ್ಲಿ ಮಾತ್ರ ಆರೂ ಒಂದೇ. ತಿಂಗಳಿಗೆ 72 ಮೊಟ್ಟೆ, ಸರಾಸರಿ 12.

ಕಳೆದ ಬೇಸಿಗೆಯಲ್ಲಿ ಅಮ್ಮಿ ನಾನಿ ಮನೆಗೆ ಹೋಗಿದ್ದಾಗ ಕೋಳಿ ವ್ಯಾಪಾರಿ ಬಂದರು. ಅಬ್ಬಾ, "ಬೇಡದ್ದು ಒಂದು ಕೊಟ್ಟುಬಿಡು" ಎಂದರು. ನಾನು ಕಪ್ಪು ಕೋಳಿಯನ್ನು ಹಿಡಿದುಕೊಟ್ಟೆ. ಅದರ ಪುಕ್ಕ ಸವೆದು ಬಾಲ ಹರಿದಂತಿತ್ತು, ಕಾಲು ಬಿಳಿಚಿತ್ತು. ಹೊಂಬಣ್ಣದ್ದು ದುಂಡಗೆ ಹೊಳೆಯುತ್ತಿತ್ತು. ಪುಸ್ತಕದಲ್ಲಿ 450 ರೂಪಾಯಿ ಆದಾಯ ಎಂದು ಬರೆದೆ.

ಅಮ್ಮಿ ಬಂದವರೇ ಗೂಡಿನ ಮುಂದೆ ಸುಮ್ಮನೆ ನಿಂತರು. "ಬೇಟಾ, ಮೊಟ್ಟೆ ಇಡೋದನ್ನೇ ಕೊಟ್ಟಿದ್ದೀಯಲ್ಲ" ಎಂದರು. ಬೈಯಲಿಲ್ಲ. ಹೊಂಬಣ್ಣದ್ದನ್ನು ಹಿಡಿದು ತೋರಿಸಿದರು. ಜುಟ್ಟು ಸಣ್ಣದು, ಕೆಂಪೇ ಇಲ್ಲ. ಹಿಂಭಾಗದಲ್ಲಿ ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಮೊಟ್ಟೆ ಇಡುವ ಕೋಳಿಗೆ ಅಲ್ಲಿ ಎರಡು ಮೂರು ಬೆರಳು ಹಿಡಿಸುತ್ತವೆ, ಜುಟ್ಟು ಕೆಂಪಗಿರುತ್ತದೆ. ತಿಂದ ಮೇವಿನ ಹಳದಿ ಬಣ್ಣ ಮೊಟ್ಟೆಗೆ ಹೋಗುವುದರಿಂದ ಕಾಲು ಬಿಳಿಚುತ್ತದೆ. ನನಗೆ ಕುರೂಪವಾಗಿ ಕಂಡದ್ದು ಅದು ದುಡಿದ ಗುರುತು.

ಐದು ಕೋಳಿಗೆ ನನ್ನ ಸರಾಸರಿ ಪ್ರಕಾರ ಮುಂದಿನ ತಿಂಗಳು 60 ಮೊಟ್ಟೆ ಬರಬೇಕಿತ್ತು. ಬಂದದ್ದು 52. ಅಂದರೆ ಕಪ್ಪು ಒಂದೇ 20 ಇಡುತ್ತಿತ್ತು. ಮೊಟ್ಟೆಗೆ 10 ರೂಪಾಯಿಯಂತೆ ತಿಂಗಳಿಗೆ 200 ರೂಪಾಯಿ. ನಾನು ಬರೆದ ಆದಾಯ ಮೂರನೇ ತಿಂಗಳಿಗೆ ನಷ್ಟವಾಯಿತು.

ಈಗ ಪುಸ್ತಕದಲ್ಲಿ ಐದು ಕೋಳಿಗೆ ಐದು ಅಂಕಣ. ಯಾವ ಮೊಟ್ಟೆ ಯಾವುದರದ್ದೆಂದು ಅಮ್ಮಿ ನೋಡಿದ ಕೂಡಲೇ ಹೇಳುತ್ತಾರೆ. ಒಂದೊಂದರ ಮೊಟ್ಟೆಗೂ ಅದರದ್ದೇ ಆಕಾರ, ಅದರದ್ದೇ ಕಂದು. ನನಗೆ ಈವರೆಗೆ ಮೂರರ ಗುರುತು ಸಿಕ್ಕಿದೆ. ಹೊಂಬಣ್ಣದ ಅಂಕಣ ಇನ್ನೂ ಖಾಲಿ. ಅದನ್ನು ಮಾರೋಣವೆಂದರೆ ಅಮ್ಮಿ, "ಇರಲಿ, ಮಳೆ ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಾರೆ.