ಸೆಟ್ಟಿಂಗ್‌ಗೂ ದುಡ್ಡಾ?



ಇವತ್ತಿನ ಬರಹ ಕಾರಿನ ಬಗ್ಗೆ. ಬಸ್ಸಿನಲ್ಲಿ ಓಡಾಡೋ ಗುಮಾಸ್ತನಿಗೆ ರೇಸ್ ಕಾರಿನ ಉಸಾಬರಿ ಯಾಕಪ್ಪ ಅಂತ ಕೆಲವರು ಕೇಳ್ತೀರಿ. ಕೇಳಿ, ತಪ್ಪಿಲ್ಲ. ನನ್ನ ಹತ್ತಿರ ಕಾರಿಲ್ಲ, ಓಡಿಸೋಕೂ ಬರಲ್ಲ. ಆದ್ರೆ ನಮ್ಮಕ್ಕನ ಮಗ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಸಸ್ಪೆನ್ಷನ್ ಕೆಲಸ ಮಾಡ್ತಾನೆ. ಐಟಿಐ ಓದಿದ ಹುಡುಗ. ಭಾನುವಾರ ಅವನಿಗೆ ಬುತ್ತಿ ತಗೊಂಡು ಹೋದಾಗೆಲ್ಲ ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತು ಅವನ ಕೆಲಸ ನೋಡ್ತೀನಿ. ನೋಡಿ ನೋಡಿ ಒಂದಷ್ಟು ತಿಳೀತು. ಅದನ್ನ ನಿಮ್ಮ ಮುಂದೆ ಇಡಬೇಕು ಅನ್ನಿಸ್ತು.

ಈಗ ಶೋಕಿ ಹುಡುಗರ ಬಾಯಲ್ಲೆಲ್ಲ ಒಂದೇ ಮಾತು, 'ಕಾಯ್ಲೋವರ್'. ಸುಮ್ಮನೆ ಹೇಳೋದಾದ್ರೆ ಶಾಕ್ ಅಬ್ಸಾರ್ಬರ್ ಮೇಲೆ ಸ್ಪ್ರಿಂಗ್ ಕೂರಿಸಿದ ಒಂದೇ ಜೋಡಿ ಸಾಮಾನು. ಮಾಮೂಲಿ ಕಾರಿನ ಮುಂಚಕ್ರಕ್ಕೂ ಹಾಗೇ ಇರುತ್ತೆ. ಆದ್ರೆ ಇದರ ಮೈಮೇಲೆ ಬೋಲ್ಟಿನ ಹಾಗೆ ಮರೆ ಕೊರೆದಿರ್ತಾರೆ. ಅದರ ಮೇಲಿನ ರಿಂಗ್ ತಿರುಗಿಸಿದ್ರೆ ಕಾರು ಏರುತ್ತೆ, ಇಳಿಯುತ್ತೆ. ತಲೆ ಮೇಲೆ ಒಂದು ನಾಬ್. ಅದನ್ನ ಟಕ್ ಟಕ್ ಅಂತ ತಿರುಗಿಸಿದ್ರೆ ಶಾಕ್ ಗಟ್ಟಿ, ಮೆತ್ತಗೆ ಆಗುತ್ತೆ. ಒಳ್ಳೇ ಸೆಟ್ಟಿಗೆ ಲಕ್ಷ ದಾಟುತ್ತೆ.

ಹೋದ ತಿಂಗಳು ಒಬ್ಬರು ಪೋಲೊ ಜಿಟಿ ತಂದಿದ್ರು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಓಡಿಸೋಕೆ ರೆಡಿ ಮಾಡಬೇಕಂತೆ. ಸಾಮಾನಿನ ಬಿಲ್ಲನ್ನ ಮಾತಾಡದೆ ಕಟ್ಟಿದ್ರು. ಸೆಟ್ಟಿಂಗ್ ಚಾರ್ಜ್ ನೋಡಿದ ತಕ್ಷಣ ಮುಖ ಗಂಟಾಯ್ತು. "ಸೆಟ್ಟಿಂಗ್‌ಗೂ ದುಡ್ಡಾ? ರಿಂಗ್ ತಿರುಗಿಸೋದಕ್ಕೆ ಏನ್ರೀ ಇದೆ?"

ಏನಿದೆ ಅಂತ ನಾನು ಎರಡು ದಿನ ಕೂತು ನೋಡಿದ್ದೀನಿ, ಹೇಳ್ತೀನಿ.

ಮೊದಲು ರಿಂಗ್. ರಿಂಗ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ನಾನೂ ಅದನ್ನೇ ಕೇಳ್ದೆ. ಹುಡುಗ ಜಾಬ್ ಕಾರ್ಡಿನ ಹಿಂದೆ ಲೆಕ್ಕ ಬರೆದ. "ನೋಡು ಮಾಮ, 5 ಕೆಜಿ ಸ್ಪ್ರಿಂಗ್ ಅಂದ್ರೆ 5 ಕೆಜಿ ಭಾರಕ್ಕೆ 1 ಮಿ.ಮೀ. ಕುಗ್ಗುತ್ತೆ ಅಂತ ಅರ್ಥ. ಚಕ್ರದ ಮೇಲೆ 300 ಕೆಜಿ ಕೂತ್ರೆ 60 ಮಿ.ಮೀ. ಕುಗ್ಗುತ್ತೆ. ನಾನು ರಿಂಗ್ ತಿರುಗಿಸಿ ಮೊದಲೇ 10 ಮಿ.ಮೀ. ಅದುಮಿಟ್ಟೆ ಅಂದ್ಕೋ. ಕಾರಿನ ಭಾರ ಅಷ್ಟೇ ಅಲ್ವಾ? ಸ್ಪ್ರಿಂಗ್ ಕುಗ್ಗೋದು ಒಟ್ಟು ಅದೇ 60. ಕಾರು ಮಾತ್ರ 10 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತೆ. ಚಕ್ರ ಗುಂಡಿಗೆ ಇಳಿಯೋಕೆ ಇರೋ ಜಾಗ 10 ಕಮ್ಮಿ ಆಗುತ್ತೆ. ಸ್ಪ್ರಿಂಗು ಗಟ್ಟಿ ಆಗಲ್ಲ." ಅದಕ್ಕೇ ಒಳ್ಳೇ ಕಾಯ್ಲೋವರಿನಲ್ಲಿ ಎತ್ತರ ಬದಲಿಸೋಕೆ ಕೆಳಗಿನ ಬ್ರಾಕೆಟ್ಟೇ ಬೇರೆ ಇರುತ್ತಂತೆ, ಸ್ಪ್ರಿಂಗ್ ಮುಟ್ಟೋ ಹಾಗೇ ಇಲ್ಲ.

ಆಮೇಲೆ ತೂಕ. ನಾಲ್ಕು ಚಕ್ರದ ಕೆಳಗೆ ನಾಲ್ಕು ತಕ್ಕಡಿ ಪ್ಯಾಡ್ ಇಟ್ಟು, ಆಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿ, ನನ್ನನ್ನ ಡ್ರೈವರ್ ಸೀಟಿನಲ್ಲಿ ಕೂರಿಸ್ದ. "ಆ ಸಾರ್ ತೂಕಾನೂ ನಿನ್ನಷ್ಟೇ, ಅಲ್ಲಾಡ್ಬೇಡ ಮಾಮ" ಅಂದ. ಬಾಳಿನಲ್ಲಿ ಮೊದಲ ಸಲ ಸ್ಟೀರಿಂಗ್ ಹಿಂದೆ ಕೂತಿದ್ದು, ಅದೂ ತೂಕದ ಕಲ್ಲಾಗಿ! ಮುಂದೆ ಎಡ 370, ಬಲ 350. ಹಿಂದೆ ಎಡ 204, ಬಲ 256. ಒಟ್ಟು 1180 ಕೆಜಿ. ಮುಂದಿನ ಬಲ ಮತ್ತು ಹಿಂದಿನ ಎಡ ಕೂಡಿಸಿದ್ರೆ 554, ಅಂದ್ರೆ ಅರ್ಧಕ್ಕಿಂತ ಕಮ್ಮಿ. ಹೀಗಿದ್ರೆ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತೆ. ನಮ್ಮ ಮನೆ ಮಂಚ ಜ್ಞಾಪಕ ಮಾಡ್ಕೊಳ್ಳಿ. ಒಂದು ಕಾಲಿನ ಕೆಳಗೆ ರಟ್ಟು ತುರುಕಿದ್ರೆ ಆ ಕಾಲಿಗೂ ಅದರ ಮೂಲೆಯ ಎದುರು ಕಾಲಿಗೂ ಭಾರ ಬೀಳುತ್ತೆ. ಇದೂ ಅದೇ. ಸಿ-ಸ್ಪ್ಯಾನರ್ ಹಿಡಿದು ಒಂದು ರಿಂಗ್ ಅರ್ಧ ಸುತ್ತು, ಇನ್ನೊಂದು ಕಾಲು ಸುತ್ತು, ಕಾರನ್ನ ಹಿಂದೆ ಮುಂದೆ ತಳ್ಳಿ ಮತ್ತೆ ತೂಕ. ಹೀಗೆ ಮೂರು ಗಂಟೆ. ಕೊನೆಗೆ ಮುಂದೆ 352, 368. ಹಿಂದೆ 222, 238. ಮೂಲೆಯಿಂದ ಮೂಲೆಗೆ ಸರಿಯಾಗಿ 590. ಮಾಸಾಂತ್ಯಕ್ಕೆ ಕ್ಯಾಶ್ ಬುಕ್ ತಾಳೆ ಬಿದ್ದಾಗ ನಮಗೆ ಆಗೋ ಖುಷಿ ಅವನ ಮುಖದಲ್ಲಿತ್ತು.

ಆಮೇಲೆ ಕ್ಲಿಕ್ಕು. ನಾಬನ್ನ ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಎಣಿಸ್ತಾ ಹಿಂದಕ್ಕೆ ಬರಬೇಕು. 32 ಕ್ಲಿಕ್ ಇದ್ರೆ 16ರಿಂದ ಶುರು. ಎಡ ಬಲ ಎರಡೂ ಒಂದೇ ಲೆಕ್ಕ. ಟೈರಿನ ಗಾಳಿ ನೋಡಿ, ಅದೇ ರಸ್ತೆಯಲ್ಲಿ ಓಡಿಸಿ, ಎರಡು ಮೂರು ಕ್ಲಿಕ್ ಬದಲಿಸಿ ಮತ್ತೆ ಓಡಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ತೀರಾ ಮೆತ್ತಗಿದ್ರೆ ಹಂಪ್ ದಾಟಿದ ಮೇಲೂ ಕಾರು ತೂಗಾಡ್ತಾನೇ ಇರುತ್ತೆ. ತೀರಾ ಗಟ್ಟಿ ಆದ್ರೆ ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗ್ ಮೇಲೇಳೋಕೆ ಮುಂಚೆ ಇನ್ನೊಂದು ಉಬ್ಬು ಬರುತ್ತೆ, ಕಾರು ಕುಸೀತಾ ಹೋಗುತ್ತೆ. ಹುಡುಗ ಇದನ್ನೆಲ್ಲ ಒಂದು ನೋಟ್ ಬುಕ್ಕಿನಲ್ಲಿ ಬರೀತಾನೆ. ತಾರೀಖು, ಗಾಳಿ, ಪೆಟ್ರೋಲ್ ಎಷ್ಟಿತ್ತು, ಎಷ್ಟು ಕ್ಲಿಕ್, ಓಡಿಸಿದವರು ಏನಂದ್ರು. ಅದು ಮಸಿ ಮೆತ್ತಿದ ಪುಸ್ತಕ. ನಮ್ಮ ಆಫೀಸಿನ ಎಷ್ಟೋ ಫೈಲಿಗಿಂತ ಕ್ರಮವಾಗಿದೆ.

ಜಗಳ ಆಗಿದ್ದು ಎತ್ತರದ ವಿಷಯಕ್ಕೆ. ಕಾರನ್ನ 60 ಮಿ.ಮೀ. ಇಳಿಸಿ, ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಬೆರಳು ತೂರಬಾರದು ಅಂತ ಗಿರಾಕಿ. 30ಕ್ಕಿಂತ ಹೆಚ್ಚು ಇಳಿಸಲ್ಲ ಅಂತ ಹುಡುಗ. ಅಷ್ಟು ಇಳಿಸಿದ್ರೆ ಚಕ್ರ ಹಿಡಿಯೋ ಲೋಯರ್ ಆರ್ಮ್ ಮೇಲ್ಮುಖ ಆಗುತ್ತೆ. ನೋಡೋಕೆ ಕಾರು ತಗ್ಗಿದ್ರೂ ತಿರುವಿನಲ್ಲಿ ವಾಲೋ ಬಲ ಜಾಸ್ತೀನೇ ಆಗಬಹುದು. ಸ್ಪ್ರಿಂಗ್ ಕುಗ್ಗೋಕೆ ಜಾಗ ಉಳಿಯಲ್ಲ. ವೇಗದ ತಿರುವಿನ ನಡುವೆ ಶಾಕ್ ಹೋಗಿ ಬಂಪ್ ಸ್ಟಾಪಿಗೆ ಹೊಡೆದ್ರೆ ಆ ಚಕ್ರ ಇದ್ದಕ್ಕಿದ್ದಂತೆ ಕಲ್ಲಾಗುತ್ತೆ, ಹಿಡಿತ ತಪ್ಪುತ್ತೆ. ಅಲ್ಲಿ ಸ್ಪೀಡು ನೂರರ ಮೇಲಿರುತ್ತೆ. ಗ್ಯಾರೇಜ್ ಓನರ್ ಮಾತ್ರ "ಗಿರಾಕಿ ಹೇಳಿದ ಹಾಗೆ ಮಾಡೋ, ನಿಂದೇನು?" ಅಂದ್ರು. ಹುಡುಗ ಸ್ಪ್ಯಾನರ್ ಕೆಳಗಿಟ್ಟ. ಕೆಲಸ ಹೋದ್ರೂ ಹೋಗ್ಲಿ ಅನ್ನೋ ಮುಖ. ನಮ್ಮಕ್ಕನ ಮನೆ ನಡೆಯೋದು ಅವನ ಸಂಬಳದಲ್ಲಿ.

ನನಗೆ ಕಾರು ಗೊತ್ತಿಲ್ಲ, ಕಾಗದ ಗೊತ್ತು. ಪಕ್ಕಕ್ಕೆ ಕರೆದು ಹೇಳ್ದೆ: "ಬಾಯಲ್ಲಿ ಬೇಡಪ್ಪ. ಜಾಬ್ ಕಾರ್ಡಿನಲ್ಲಿ ಬರಿ. 30ಕ್ಕಿಂತ ಇಳಿಸಿದ್ರೆ ಬಂಪ್ ಸ್ಟಾಪಿಗೆ ಇಷ್ಟೇ ಜಾಗ ಉಳಿಯುತ್ತೆ, ಟ್ರ್ಯಾಕಿನಲ್ಲಿ ಅಪಾಯ, ತಿಳಿಸಲಾಗಿದೆ ಅಂತ ಬರೆದು ಸಹಿ ಕೇಳು." ಅವನು ಬರೆದ. ಪೆನ್ನು ಕೈಗೆ ಬಂದಾಗ ಆ ಮನುಷ್ಯ ಮೊದಲ ಸಲ "ಯಾಕೆ?" ಅಂತ ಕೇಳಿದ್ರು. ಹುಡುಗ ಕಾರಿನ ಕೆಳಗೆ ಟಾರ್ಚ್ ಬಿಟ್ಟು ತೋರಿಸ್ದ. ಐದು ನಿಮಿಷ ನೋಡಿ 30ಕ್ಕೆ ಒಪ್ಪಿದ್ರು. ಎತ್ತರ ಬದಲಾದ ಮೇಲೆ ಟೋ, ಕ್ಯಾಂಬರ್ ಎಲ್ಲ ಬದಲಾಗುತ್ತೆ, ಅದಕ್ಕೇ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿಕೊಂಡು ಹೋದ್ರು. ಸೆಟ್ಟಿಂಗ್ ಚಾರ್ಜ್ ಮಾತ್ರ ಚೌಕಾಶಿ ಮಾಡಿ ಅರ್ಧ ಕೊಟ್ಟರು.

ಆ ಅರ್ಧವೇ ನನ್ನನ್ನ ಇಷ್ಟೆಲ್ಲ ಬರೆಸ್ತಿರೋದು. ನಮ್ಮಜ್ಜ ಮೆಟ್ಟು ಹೊಲೀತಿದ್ದ. ಪಾದ ನೋಡಿಯೇ ಅಳತೆ ಹೇಳ್ತಿದ್ದ. ತೊಗಲಿಗೆ ಒಂದು ಬೆಲೆ ಅಂತಿತ್ತು, ಅವನ ಕಣ್ಣಿಗೆ, ಕೈಗೆ ಸುಗ್ಗಿಯಲ್ಲಿ ಒಂದು ಮೊರ ರಾಗಿ. ಅದೂ ಅವರು ಮನಸ್ಸು ಬಂದು ಹಾಕಿದಷ್ಟು. ಈಗ ಮೊಮ್ಮಗನಿಗೆ ಡಿಜಿಟಲ್ ತಕ್ಕಡಿ ಬಂದಿದೆ. ಸಾಮಾನಿಗೆ ಬಾಯಿ ಮುಚ್ಕೊಂಡು ಕಟ್ಟೋ ಜನ, ಅದನ್ನ ಕೂರಿಸೋ ಬುದ್ಧಿಗೆ ಕಟ್ಟೋವಾಗ ಇನ್ನೂ ಮೊರಾನೇ ಹುಡುಕ್ತಾರೆ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿ ಹಿಡೀತು. ರಸ್ತೆ ಮೇಲೆ ಓಡಿಸೋ ಗಾಡಿಗೆ ಕೈ ಹಾಕೋ ಮುಂಚೆ ಆರ್‌ಟಿಒದಲ್ಲಿ ವಿಚಾರಿಸೋದು ಮಾಲೀಕನ ಕೆಲಸ. ಸಿಕ್ಕಿಬಿದ್ದಾಗ "ಮೆಕ್ಯಾನಿಕ್ ಮಾಡ್ದ" ಅಂತ ಕೈ ತೋರಿಸೋದಲ್ಲ. ಇನ್ನು ನಮ್ಮ ಬೀದಿಯ ಹಂಪುಗಳು! ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋದು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 25 ಕಿ.ಮೀ. ವೇಗಕ್ಕೆ. ನಿಮ್ಮ ಬೀದೀದು ಅಳೆದು ನೋಡಿ. 60 ಮಿ.ಮೀ. ಇಳಿಸಿದ ಕಾರು ಅದರ ಮೇಲೆ ಹೊಟ್ಟೆ ಉಜ್ಜದೇ ಇರುತ್ತಾ?

ಗ್ಯಾರೇಜಿನಲ್ಲಿ ದುಡಿಯೋ ನಮ್ಮ ಹುಡುಗರು ಇದನ್ನ ಓದ್ತಿದ್ರೆ ಎರಡೇ ಮಾತು. ಮಾಡಿದ್ದನ್ನೆಲ್ಲ ಬರೆದಿಡಿ. ಬೇಡ ಅಂದಿದ್ದನ್ನ ತಪ್ಪದೇ ಬರೆದಿಡಿ, ಸಹಿ ಹಾಕಿಸಿ. ಗಾಡಿ ಇರೋರಿಗೆ ಒಂದೇ ಮಾತು. ಮುಂದಿನ ಸಲ ಬಿಲ್ಲಿನಲ್ಲಿ ಲೇಬರ್ ಅನ್ನೋ ಸಾಲು ಕಂಡಾಗ ಚೌಕಾಶಿ ಮಾಡೋ ಬದಲು "ಏನೇನು ಮಾಡಿದ್ರಿ, ತೋರಿಸಿ" ಅಂತ ಕೇಳಿ. ತೋರಿಸ್ತಾರೆ. ನೋಡಿದ ಮೇಲೆ ಪೂರ್ತಿ ಕೊಡಿ.