ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದರ್ಶನ

ಊರುಗಳಿಗೆ ಕೀರ್ತಿಯು ಬರುವ ದಾರಿಗಳು ಹಲವಾಗಿರುವುವು. ದೇವಾಲಯದಿಂದ ಕೆಲವೂ, ನದೀಸಂಗಮದಿಂದ ಕೆಲವೂ, ಒಂದು ಕಾಲದಲ್ಲಿ ರಾಜಧಾನಿಯಾಗಿದ್ದುದರಿಂದ ಕೆಲವೂ ಪ್ರಸಿದ್ಧಿಯನ್ನು ಪಡೆದಿರುವುವು. ಪರೀಕ್ಷೆಗೆಂದು ನಿವಾಸಿಗಳು ಮನಃಪೂರ್ವಕವಾಗಿ ಕೊಟ್ಟ ನೆತ್ತರಿನಿಂದಲೇ ಲೋಕವಿಖ್ಯಾತವಾದ ಊರನ್ನು ಮಾತ್ರ ನಾವು ಒಂದನ್ನೇ ಕಂಡಿರುವೆವು. ಅದು ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಸೇರಿದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣ. ಹೃದ್ರೋಗದ ವಿಷಯವಾಗಿ ಇಂದು ಯಾವ ದೇಶದ ವೈದ್ಯನು ಬಾಯಿ ತೆರೆದರೂ, ಅವನ ಮಾತಿನಲ್ಲಿ ಈ ಊರಿನ ಋಣವು ಸ್ವಲ್ಪವಾದರೂ ಇದ್ದೇ ಇರುವುದು.

ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು ೨೦ ಮೈಲಿಗಳ ದೂರದಲ್ಲಿ ಈ ಪಟ್ಟಣವಿರುವುದು. ನಮ್ಮ ಅಗ್ರಜರ ಮಗನು ಇದಕ್ಕೆ ಹೊಂದಿಕೊಂಡಿರುವ ಆಷ್‌ಲ್ಯಾಂಡ್ ಎಂಬ ಊರಿನಲ್ಲಿ ಸಂಸಾರಸಹಿತನಾಗಿ ವಾಸಿಸುತ್ತಿರುವನು. ಅವನ ಆಹ್ವಾನದಂತೆ ನಾವು ದಂಪತಿಗಳು ಶರತ್ಕಾಲದಲ್ಲಿ ಅಲ್ಲಿಗೆ ಹೋಗಿದ್ದೆವು. ಬಾಸ್ಟನ್ನಿನ ದಕ್ಷಿಣ ನಿಲ್ದಾಣದಲ್ಲಿ ರೈಲುಗಾಡಿಯನ್ನು ಹತ್ತಿದರೆ ನ್ಯೂಟನ್, ವೆಲ್ಸ್‌ಲಿ, ನೇಟಿಕ್ ಎಂಬ ಊರುಗಳು ಒಂದಾದಮೇಲೊಂದು ಹಿಂದೆ ಸರಿಯುವುವು. ನಮ್ಮಲ್ಲಿ ಮುತ್ತುಗದ ಮರವು ಹೂವಿನಲ್ಲಿ ತೋರುವ ಬಣ್ಣವನ್ನು ಅಲ್ಲಿಯ ಮೇಪಲ್ ಮರಗಳು ಎಲೆಯಲ್ಲಿಯೇ ತೋರಿಸುತ್ತ ದಾರಿಯುದ್ದಕ್ಕೂ ನಿಂತಿದ್ದುವು. ಗಾಡಿಯಿಂದ ಇಳಿದೊಡನೆ ಕಣ್ಣಿಗೆ ಬೀಳುವುದು ರಿಚರ್ಡ್‌ಸನ್ ಎಂಬ ಹೆಸರಾಂತ ವಾಸ್ತುಶಿಲ್ಪಿಯು ರಚಿಸಿದ, ೧೮೮೫ ರಷ್ಟು ಹಳೆಯದಾದ ಕಲ್ಲಿನ ನಿಲ್ದಾಣ. ಅದರ ಸುತ್ತಲಿನ ಬೀದಿಗಳಲ್ಲಿ ಬ್ರೆಜಿಲ್ ದೇಶದಿಂದ ಬಂದು ನೆಲಸಿದವರ ಅಂಗಡಿಗಳು ಹೇರಳವಾಗಿರುವುವು. ಫಲಕಗಳನ್ನು ಪೋರ್ಚುಗೀಸ್ ಭಾಷೆಯಲ್ಲಿಯೂ ಬರೆದಿರುವರು.

ಉಪಾಧ್ಯಾಯವೃತ್ತಿಯಲ್ಲಿಯೇ ತಲೆ ನರೆತ ನಮಗೆ ಈ ಊರಿನ ಮೇಲೆ ಮತ್ತೊಂದು ಕಾರಣದಿಂದಲೂ ಗೌರವವುಂಟಾಯಿತು. ಅಮೆರಿಕಾದಲ್ಲಿ ಸರಕಾರದ ದ್ರವ್ಯದಿಂದ ನಡೆದ ಮೊತ್ತಮೊದಲಿನ ನಾರ್ಮಲ್ ಸ್ಕೂಲು ೧೮೩೯ ರಲ್ಲಿ ಲೆಕ್ಸಿಂಗ್‌ಟನ್ ಎಂಬಲ್ಲಿ ಕೇವಲ ಮೂವರು ಕನ್ಯೆಯರೊಡನೆ ಆರಂಭವಾಗಿ, ೧೮೫೩ ರಲ್ಲಿ ಈ ಊರಿಗೆ ಬಂದು ನೆಲೆಗೊಂಡಿತು. ಅದೇ ಈಗ ವಿಶ್ವವಿದ್ಯಾನಿಲಯವಾಗಿ ಗುಡ್ಡದ ಮೇಲೆ ಶೋಭಿಸುತ್ತಿರುವುದು. ಮೂವರು ವಿದ್ಯಾರ್ಥಿನಿಯರಿಂದ ತೊಡಗಿದ ಶಾಲೆಯನ್ನು ಮುಚ್ಚದೆ ನಡಸಿದ ತಾಳ್ಮೆಯೇ ಮುಂದೆ ಈ ಪಟ್ಟಣದ ದೊಡ್ಡ ಕಾರ್ಯಕ್ಕೂ ಬೇಕಾಯಿತೆಂದು ನಮಗೆ ತೋರಿತು.

ಆ ದೊಡ್ಡ ಕಾರ್ಯವನ್ನು ನೋಡಬೇಕೆಂದು ಹೋದವರಿಗೆ ಗೋಪುರವಾಗಲಿ, ಕಲ್ಯಾಣಿಯಾಗಲಿ ಕಾಣಿಸದು. ಈ ಕ್ಷೇತ್ರದ ಮೂಲಮೂರ್ತಿಯು ದಾಖಲೆಯ ಕಾಗದಗಳಲ್ಲಿಯೂ, ಶೀತಪೆಟ್ಟಿಗೆಗಳಲ್ಲಿ ಕಾದಿರಿಸಿದ ರಕ್ತದಲ್ಲಿಯೂ ಅಡಗಿರುವುದು. ಆದುದರಿಂದ ಅದರ ಸ್ಥಳಪುರಾಣವನ್ನು ತಿಳಿಯದೆ ದರ್ಶನವು ಪೂರ್ಣವಾಗದು.

ಅಮೆರಿಕಾದ ಅಧ್ಯಕ್ಷರಾಗಿದ್ದ ಫ್ರ್ಯಾಂಕ್ಲಿನ್ ರೂಸ್‌ವೆಲ್ಟರು ೧೯೪೫ ನೆಯ ಇಸವಿ ಏಪ್ರಿಲ್ ೧೨ ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ಗತಿಸಿದರು. ಆಗ ಅವರಿಗೆ ೬೩ ವರ್ಷ. ಅಂದು ಅವರ ರಕ್ತದ ಒತ್ತಡವು ೩೦೦ಕ್ಕೆ ೧೯೦ ರಷ್ಟು ಏರಿದ್ದಿತು. ಅದಕ್ಕೆ ಮುಂಚೆಯೇ ವರ್ಷಗಟ್ಟಲೆ ಒತ್ತಡವು ಏರುತ್ತಲೇ ಇದ್ದರೂ, ವಯಸ್ಸಾದವರಿಗೆ ಅದು ಸಹಜವೆಂಬುದೇ ಆ ಕಾಲದ ಅನೇಕ ವೈದ್ಯರ ಅಭಿಪ್ರಾಯವಾಗಿದ್ದಿತು. ಲೋಕದ ಅತ್ಯಂತ ಬಲಿಷ್ಠ ರಾಷ್ಟ್ರದ ಪ್ರಭುವಿಗೇ ಈ ಗತಿಯಾದ ಮೇಲೆ ಸಾಮಾನ್ಯ ಗೃಹಸ್ಥರ ಪಾಡನ್ನು ಹೇಳತಕ್ಕುದೇನು? ಎದೆನೋವು ಬಂದರೆ ವಿಧಿ, ಪಾರ್ಶ್ವವಾಯು ಬಡಿದರೆ ಕರ್ಮ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಮುಂದೆ ೧೯೪೮ ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಟ್ರೂಮನ್ನರು ಹೃದ್ರೋಗದ ಸಂಶೋಧನೆಗಾಗಿ ಒಂದು ಶಾಸನಕ್ಕೆ ಅಂಕಿತ ಹಾಕಿದರು. ಆ ವರ್ಷದ ಶರತ್ಕಾಲದಲ್ಲಿಯೇ ಫ್ರೇಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಗಳು ಮೊದಲಾದುವು.

ಈ ಊರೇ ಏಕೆ ಎಂದು ವಾಚಕರು ಕೇಳಬಹುದು. ೧೯೧೭ ರಿಂದ ೧೯೨೩ ರ ವರೆಗೆ ಕ್ಷಯರೋಗದ ತಪಾಸಣೆಗೆ ಈ ಜನರು ಒಮ್ಮೆ ಸಹಕರಿಸಿದ್ದರು. ಬಾಸ್ಟನ್ನಿನ ವೈದ್ಯವಿದ್ವಾಂಸರಿಗೆ ಊರು ಹತ್ತಿರವಾಗಿದ್ದಿತು. ಪಟ್ಟಣವು ಅತಿ ದೊಡ್ಡದೂ ಅಲ್ಲದೆ ಅತಿ ಸಣ್ಣದೂ ಅಲ್ಲದೆ ಇದ್ದಿತು. ಮೊದಲ ತಂಡದಲ್ಲಿ ೫,೨೦೯ ಮಂದಿ ಸ್ತ್ರೀಪುರುಷರು ಸೇರಿದರು. ನೆರೆಹೊರೆಯವರೇ ನೆರೆಹೊರೆಯವರನ್ನು ಒಡಂಬಡಿಸಿದರು. ಎಷ್ಟೋ ದಂಪತಿಗಳು ಜೊತೆಯಾಗಿಯೇ ಬಂದರು. ಎರಡು ವರ್ಷಕ್ಕೊಮ್ಮೆ ಅವರ ತೂಕ, ರಕ್ತದ ಒತ್ತಡ, ಹೃದಯದ ವಿದ್ಯುತ್‌ಲೇಖನ, ರಕ್ತದ ಕೊಬ್ಬು, ಧೂಮಪಾನದ ಅಭ್ಯಾಸ ಇವೆಲ್ಲವನ್ನೂ ಬರೆದುಕೊಳ್ಳಲಾಗುತ್ತಿತ್ತು. ಔಷಧವನ್ನು ಕೊಡುವುದು ಅಲ್ಲಿಯ ಕೆಲಸವಾಗಿರಲಿಲ್ಲ. ನೋಡುವುದು, ಬರೆಯುವುದು, ಕಾಯುವುದು, ಇಷ್ಟೇ ಅಲ್ಲಿಯ ತಪಸ್ಸು. ಊರು ಬಿಟ್ಟು ದೂರ ಹೋದವರೂ ಪರೀಕ್ಷೆಯ ಕಾಲಕ್ಕೆ ಹಿಂದಿರುಗಿ ಬರುತ್ತಿದ್ದುದುಂಟು.

ರಕ್ತದ ಕೊಬ್ಬೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಸಂಸ್ಕೃತದಲ್ಲಿ 'ಸ್ನೇಹ' ಎಂಬ ಶಬ್ದಕ್ಕೆ ಜಿಡ್ಡು ಎಂದೂ ಅರ್ಥ, ಪ್ರೀತಿ ಎಂದೂ ಅರ್ಥ. ಜಿಡ್ಡು ಶರೀರಕ್ಕೆ ಶತ್ರುವಲ್ಲವೆಂಬುದನ್ನು ಈ ಒಂದು ಶಬ್ದವೇ ಸೂಚಿಸುವುದು. ಕೊಲೆಸ್ಟರಾಲ್ ಎಂಬ ಕೊಬ್ಬಿಲ್ಲದೆ ನಮ್ಮ ಜೀವಕೋಶಗಳ ಗೋಡೆಯೇ ನಿಲ್ಲದು. ಪಿತ್ತರಸವೂ ಅದರಿಂದಲೇ ಆಗತಕ್ಕುದು. ಮೊದಲು ಪಿತ್ತಕೋಶದ ಕಲ್ಲಿನಲ್ಲಿ ಕಂಡುದರಿಂದ, ಗ್ರೀಕ್ ಭಾಷೆಯ ಪಿತ್ತ, ಘನ ಎಂಬ ಎರಡು ಶಬ್ದಗಳನ್ನು ಸೇರಿಸಿ ಅದಕ್ಕೆ ಹೆಸರಿಟ್ಟರು. ಆದರೆ ಎಣ್ಣೆಯೂ ನೀರೂ ಬೆರೆಯುವುದಿಲ್ಲವಷ್ಟೆ. ನೀರಿನಂತಿರುವ ರಕ್ತದಲ್ಲಿ ಕೊಬ್ಬು ಸಂಚರಿಸಬೇಕಾದರೆ ಅದಕ್ಕೆ ಬಂಡಿಗಳು ಬೇಕು. ಸಸಾರಜನಕದ ಹೊದಿಕೆಯುಳ್ಳ ಸಣ್ಣ ಸಣ್ಣ ಬಂಡಿಗಳನ್ನು ಶರೀರವೇ ಕಟ್ಟುವುದು. ಅವುಗಳಲ್ಲಿ ಎಲ್.ಡಿ.ಎಲ್. ಎಂಬುದು ಕೊಬ್ಬನ್ನು ಅಂಗಾಂಗಗಳಿಗೆ ಹೊತ್ತೊಯ್ಯುವುದು, ಎಚ್.ಡಿ.ಎಲ್. ಎಂಬುದು ಮಿಕ್ಕ ಕೊಬ್ಬನ್ನು ಯಕೃತ್ತಿಗೆ ಹಿಂದಿರುಗಿಸುವುದು. ಮೊದಲನೆಯ ಬಂಡಿಗಳು ಮಿತಿಮೀರಿದಾಗ ಧಮನಿಯ ಗೋಡೆಯೊಳಕ್ಕೆ ನುಸುಳಿ ಅಲ್ಲಿಯೇ ತಂಗುವುವು. ಅವನ್ನು ತಿಂದು ತೆಗೆಯಲು ಬಂದ ಬಿಳಿಯ ರಕ್ತಕಣಗಳು ತಾವೇ ಕೊಬ್ಬಿನಿಂದ ಉಬ್ಬಿ ಅಲ್ಲಿ ಬೀಳುವುವು. ಹೀಗೆ ಹತ್ತಾರು ವರ್ಷಗಳಲ್ಲಿ ಗೋಡೆಯು ದಪ್ಪವಾಗಿ, ಒಂದು ದಿನ ಆ ಗಡ್ಡೆಯು ಬಿರಿದರೆ ಅದರ ಮೇಲೆ ರಕ್ತವು ಹೆಪ್ಪುಗಟ್ಟುವುದು. ಹೃದಯದ ನಾಳದಲ್ಲಿ ಹೀಗಾದರೆ ಹೃದಯಾಘಾತ. ಮೆದುಳಿನ ಕಡೆಗೆ ಹೋಗುವ ನಾಳದಲ್ಲಾದರೆ ಪಾರ್ಶ್ವವಾಯು. ಆಘಾತವು ಕ್ಷಣಮಾತ್ರದ್ದಾದರೂ ಅದರ ಸಿದ್ಧತೆಯು ಇಡೀ ಯೌವನದ್ದೆಂಬುದು ಗಮನಾರ್ಹ.

ಫ್ರೇಮಿಂಗ್‌ಹ್ಯಾಮಿನ ಲೆಕ್ಕಪುಸ್ತಕಗಳು ಈ ಸಿದ್ಧತೆಯ ಸುಳಿವನ್ನು ಹೊರಗೆಡಹಿದುವು. ಡಾಬರ್, ಕ್ಯಾನೆಲ್ ಮೊದಲಾದ ವೈದ್ಯರು ೧೯೬೧ ರಲ್ಲಿ ಪ್ರಕಟಿಸಿದ ಆರು ವರ್ಷಗಳ ವರದಿಯಲ್ಲಿ, ಅಧಿಕ ಕೊಲೆಸ್ಟರಾಲ್, ಅಧಿಕ ರಕ್ತದೊತ್ತಡ ಇವು ಹೃದ್ರೋಗಕ್ಕೆ ಮುಂಚಿತವಾಗಿಯೇ ಕಾಣಿಸಿಕೊಳ್ಳುವುವೆಂದು ತೋರಿಸಿದರು. 'ಅಪಾಯಕಾರಕ' ಎಂಬ ಭಾವನೆಯು ವೈದ್ಯಶಾಸ್ತ್ರದಲ್ಲಿ ಬಳಕೆಗೆ ಬಂದುದು ಆ ಲೇಖನದಿಂದಲೇ. ಎಚ್.ಡಿ.ಎಲ್. ಹೆಚ್ಚಿರುವವರಲ್ಲಿ ಹೃದ್ರೋಗವು ಕಡಿಮೆಯೆಂಬುದು ೧೯೭೭ ರಲ್ಲಿ ಇಲ್ಲಿಂದ ಹೊರಟ ಮತ್ತೊಂದು ಸಂಗತಿ. ಆದರೆ ಔಷಧಗಳಿಂದ ಎಚ್.ಡಿ.ಎಲ್. ಏರಿಸಲು ಮುಂದೆ ನಡೆದ ಪ್ರಯತ್ನಗಳು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲವಾದುದರಿಂದ, ಎಲ್.ಡಿ.ಎಲ್. ಇಳಿಸುವುದೇ ಇಂದಿಗೂ ಮುಖ್ಯೋಪಾಯವಾಗಿ ಉಳಿದಿರುವುದು.

ಪಾರ್ಶ್ವವಾಯುವಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಅದಕ್ಕೆ ರಕ್ತದ ಒತ್ತಡವೇ ಪ್ರಧಾನ ಕಾರಣವೆಂದು ಇಲ್ಲಿಯ ಪರೀಕ್ಷೆಗಳಲ್ಲಿ ಸಿದ್ಧವಾಯಿತು. ಹೃದಯದ ಬಡಿತವು ತಾಳತಪ್ಪುವ ಒಂದು ರೋಗದಿಂದ ಪಾರ್ಶ್ವವಾಯುವಿನ ಭಯವು ಸುಮಾರು ಐದರಷ್ಟಾಗುವುದೆಂದು ೧೯೭೮ ರಲ್ಲಿ ತಿಳಿಯಿತು. ಕೊಲೆಸ್ಟರಾಲಿನ ಪಾತ್ರವು ಇಷ್ಟು ಸ್ಪಷ್ಟವಾಗಿ ತೋರಲಿಲ್ಲ. ಏಕೆಂದರೆ ನಾಳವು ಕಟ್ಟಿಕೊಂಡು ಬರುವ ಪಾರ್ಶ್ವವಾಯು ಬೇರೆ, ನಾಳವು ಒಡೆದು ಬರುವುದು ಬೇರೆ. ಕತ್ತಿನ ಧಮನಿಗಳು ಕಿರಿದಾಗುವುದರಲ್ಲಿ ಕೊಲೆಸ್ಟರಾಲ್, ಒತ್ತಡ, ಧೂಮಪಾನ ಈ ಮೂರರ ವರ್ಷಗಟ್ಟಲೆಯ ಸಂಚಯವೂ ಕಾರಣವೆಂದು ೧೯೯೭ ರಲ್ಲಿ ಇಲ್ಲಿಯವರೇ ತೋರಿಸಿದರು. ಈ ಊರಿನವರಲ್ಲಿ ಕೆಲವರು ತಮ್ಮ ಮರಣಾನಂತರ ಮೆದುಳನ್ನೂ ಪರೀಕ್ಷೆಗೆ ಕೊಡುವಂತೆ ಬರೆದಿಟ್ಟಿರುವರು. ದಧೀಚಿಯ ಕಥೆಯನ್ನು ಮಕ್ಕಳಿಗೆ ಪಾಠಮಾಡಿದ ನಮಗೆ ಇದನ್ನು ಕೇಳಿ ಕಣ್ಣು ತೇವವಾಯಿತು.

ಇಂತಹ ಕಾರ್ಯವೂ ಒಮ್ಮೆ ನಿಂತುಹೋಗುವುದರಲ್ಲಿದ್ದಿತು. ೧೯೬೦ ರ ದಶಕದ ಕೊನೆಯಲ್ಲಿ ಸರಕಾರವು ಧನಸಹಾಯವನ್ನು ಹಿಂತೆಗೆದುಕೊಳ್ಳಲು ನಿಶ್ಚಯಿಸಿದಾಗ ಡಾಬರ್ ಮಹಾಶಯರು ಖಾಸಗಿಯಾಗಿ ಹಣವನ್ನು ಕೂಡಿಸಿದರು. ಬಾಸ್ಟನ್ ವಿಶ್ವವಿದ್ಯಾನಿಲಯವು ಭಾರವನ್ನು ಹಂಚಿಕೊಂಡಿತು. ೧೯೭೧ ರಲ್ಲಿ ಮೊದಲಿನವರ ಮಕ್ಕಳ ತಂಡವೂ, ೨೦೦೨ ರಲ್ಲಿ ಮೊಮ್ಮಕ್ಕಳ ತಂಡವೂ ಕೂಡಿಕೊಂಡುವು. ಅಜ್ಜನು ತೋಳು ಚಾಚಿದ ಕಡೆಯಲ್ಲಿಯೇ ಮೊಮ್ಮಗನೂ ತೋಳು ಚಾಚಿದನು.

ಆದರೂ ಒಂದು ಕೊರತೆಯುಂಟು. ಮೊದಲ ತಂಡದವರು ಬಹುಮಟ್ಟಿಗೆ ಯೂರೋಪಿನ ಸಂತತಿಯವರು. ೧೯೯೪ ರಲ್ಲಿ ಇತರ ಜನಾಂಗದವರನ್ನೂ ಸೇರಿಸಿ ಬೇರೊಂದು ತಂಡವನ್ನು ಮಾಡಿದರು. ಆದರೆ ಅದು ಚಿಕ್ಕದು. ನಮ್ಮವರ ಪಾಡನ್ನು ತಿಳಿಯಲು ಬೇರೆ ಸಂಶೋಧನೆಗಳು ಬೇಕಾದುವು. ೫೨ ದೇಶಗಳಲ್ಲಿ ನಡೆದು ೨೦೦೪ ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ ಸಂಶೋಧನೆಯು, ಮೊದಲ ಹೃದಯಾಘಾತದ ಅಪಾಯದಲ್ಲಿ ಬಹುಪಾಲು ಒಂಬತ್ತೇ ಕಾರಣಗಳಿಂದ ಬರುವುದೆಂದೂ, ಅವುಗಳಲ್ಲಿ ರಕ್ತದ ಕೊಬ್ಬಿನ ಏರುಪೇರೂ ಧೂಮಪಾನವೂ ಅತ್ಯಂತ ಪ್ರಬಲವೆಂದೂ ತಿಳಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಅದರಲ್ಲಿ ಭಾಗಿಗಳಾಗಿದ್ದರು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತವು ಬರುವ ಸರಾಸರಿ ವಯಸ್ಸು ೫೩ ವರ್ಷವೆಂದೂ, ಇತರರಿಗಿಂತ ಇದು ಐದಾರು ವರ್ಷ ಮುಂಚೆಯೆಂದೂ ೨೦೦೭ ರಲ್ಲಿ ಅದೇ ಸಂಶೋಧಕರು ಬರೆದರು.

ಈ ಅಂಕೆಯನ್ನು ನಾವು ಓದಿ ಸುಮ್ಮನಿರಲಾರೆವು. ನಮ್ಮ ಅಗ್ರಜರು ೨೦೦೬ ರಲ್ಲಿ ತೀರಿಕೊಂಡಾಗ ಅವರಿಗೆ ಸರಿಯಾಗಿ ಐವತ್ತಮೂರು ವರ್ಷ. ಊಟಮಾಡಿ ಎಲೆಯ ಮುಂದಿನಿಂದ ಎದ್ದವರು ಎದೆಯುರಿ ಎಂದರು. ವಾಯುವೆಂದು ಮನೆಯವರು ಓಮದ ಕಷಾಯವನ್ನು ಕಾಯಿಸಿಕೊಟ್ಟರು. ಬೆಳಗಿನೊಳಗೆ ಎಲ್ಲವೂ ಮುಗಿದುಹೋಯಿತು. ಅವರ ರಕ್ತವನ್ನು ಯಾರೂ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಬಂದವರೆಲ್ಲರೂ ಆಯುಸ್ಸು ಅಷ್ಟೇ ಇದ್ದಿತೆಂದು ಸಮಾಧಾನ ಹೇಳಿ ಹೋದರು.

ಅವರ ಮಗನೇ ನಮಗೆ ಈ ಊರನ್ನು ತೋರಿಸಿದವನು. ಒಂದು ಸಂಜೆ ಆಷ್‌ಲ್ಯಾಂಡಿನ ಶ್ರೀಲಕ್ಷ್ಮೀದೇವಾಲಯಕ್ಕೆ ಅವನೊಡನೆ ಹೋದೆವು. ನಮ್ಮ ದಕ್ಷಿಣದೇಶದ ಸಂಪ್ರದಾಯದಲ್ಲಿ ಕಟ್ಟಿ, ೧೯೯೦ ರಲ್ಲಿ ಕುಂಭಾಭಿಷೇಕವಾದ ಆ ಗುಡಿಯು ಹೃದ್ರೋಗದ ಸಂಶೋಧನೆ ನಡೆದ ಊರಿನ ಮಗ್ಗುಲಲ್ಲಿಯೇ ಇರುವುದು ದೈವಯೋಗವೇ ಸರಿ. ದರ್ಶನವಾದ ಮೇಲೆ ಅವನು, "ಚಿಕ್ಕಪ್ಪ, ನಲವತ್ತು ತುಂಬಿದ ವರ್ಷವೇ ರಕ್ತ ಕೊಟ್ಟು ನೋಡಿಸಿದೆ. ಅಪ್ಪನ ವಿಷಯ ಕೇಳಿದೊಡನೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕೆಟ್ಟ ಕೊಬ್ಬು ಅರ್ಧಕ್ಕೆ ಇಳಿದಿದೆ" ಎಂದನು. ಆ ಜಾತಿಯ ಮಾತ್ರೆಗಳ ಮೂಲದ್ರವ್ಯವನ್ನು ಜಪಾನಿನ ಅಕಿರಾ ಎಂಡೋ ಎಂಬವರು ೧೯೭೦ ರ ದಶಕದಲ್ಲಿ ಒಂದು ಬೂಷ್ಟಿನಲ್ಲಿ ಕಂಡುಹಿಡಿದರು. ಹೃದ್ರೋಗಿಗಳಾದ ೪,೪೪೪ ಮಂದಿಯ ಮೇಲೆ ನಡೆದು ೧೯೯೪ ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇಂತಹ ಮಾತ್ರೆಯನ್ನು ಪಡೆದವರ ಮರಣವು ಪಡೆಯದವರಿಗಿಂತ ಶೇಕಡ ೩೦ ರಷ್ಟು ಕಡಿಮೆಯಾಯಿತು. ಅಣ್ಣನವರಿಗೆ ದೊರೆಯದ ತಿಳಿವಳಿಕೆಯು ಅವರ ಮಗನಿಗೆ ದೊರೆತುದನ್ನು ಕಂಡು ನಮ್ಮ ಮನೆಯವರು ದೇವಿಗೆ ಮತ್ತೊಮ್ಮೆ ಕೈಮುಗಿದರು.

ದೈವ, ಪುರುಷಕಾರ ಇವೆರಡರಲ್ಲಿ ಯಾವುದು ಬಲವತ್ತರವೆಂದು ನಮ್ಮ ಹಿರಿಯರು ಬಹುಕಾಲ ಚರ್ಚಿಸಿರುವರು. ಹುಟ್ಟಿದ ಕುಲವೂ ಏರುವ ವಯಸ್ಸೂ ದೈವಾಧೀನವೆಂಬುದನ್ನು ಫ್ರೇಮಿಂಗ್‌ಹ್ಯಾಮಿನ ಲೆಕ್ಕವೂ ಒಪ್ಪುವುದು. ಉಳಿದುದರಲ್ಲಿ ಬಹಳ ಭಾಗವು ನಮ್ಮ ಕೈಯಲ್ಲಿರುವುದೆಂದೂ ಅದೇ ಲೆಕ್ಕವು ಸಾರುವುದು. ಹೊಗೆಸೊಪ್ಪನ್ನು ಯಾವ ರೂಪದಲ್ಲಿಯೂ ಮುಟ್ಟದಿರುವುದು, ದಿನವೂ ನಡೆಯುವುದು, ಉಪ್ಪನ್ನೂ ವನಸ್ಪತಿಯಲ್ಲಿ ಕರಿದ ತಿಂಡಿಗಳನ್ನೂ ಮಿತಗೊಳಿಸುವುದು, ತುಪ್ಪವನ್ನು ಸೌಟಿನಿಂದಲ್ಲದೆ ಮಿಳ್ಳೆಯಿಂದ ಬಡಿಸುವುದು, ಇವು ಅಡಿಗೆಯ ಮನೆಯಲ್ಲಿಯೂ ಜಗಲಿಯಲ್ಲಿಯೂ ನಡೆಯತಕ್ಕ ಕಾರ್ಯಗಳು. ವೈದ್ಯರು ಮಾತ್ರೆಯನ್ನು ಕೊಟ್ಟಿದ್ದರೆ, ಮೈಗೆ ಹಿತವಾಯಿತೆಂದು ಅವರನ್ನು ಕೇಳದೆ ಬಿಡಲಾಗದು. ಎದೆಯಲ್ಲಿ ಬಿಗಿತವಾದಾಗಲಾಗಲಿ, ಮುಖ ಸೊಟ್ಟಗಾಗಿ ಕೈ ಸೋತು ಮಾತು ತೊದಲಿದಾಗಲಾಗಲಿ, ಕಷಾಯಕ್ಕೆ ಒಲೆ ಹೊತ್ತಿಸದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಮನೆಯ ಜಮಾಖರ್ಚಿನ ಪುಸ್ತಕವನ್ನು ಇಡದ ಗೃಹಸ್ಥನಿಲ್ಲ. ಹಾಲಿನವನ ಲೆಕ್ಕಕ್ಕೂ ಅಂಗಡಿಯ ಬಾಕಿಗೂ ಅದರಲ್ಲಿ ಪುಟಗಳಿರುವುವು. ಕೊನೆಯ ಒಂದು ಹಾಳೆಯನ್ನು ಮನೆಯ ಹಿರಿಯರಿಗೂ ಪ್ರಾಯದವರಿಗೂ ಮೀಸಲಾಗಿರಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ರಕ್ತದ ಒತ್ತಡ, ಸಕ್ಕರೆ, ಕೊಬ್ಬು ಇವುಗಳ ಅಂಕೆಗಳನ್ನು ತಾರೀಖಿನ ಸಹಿತವಾಗಿ ಬರೆದಿಡಬೇಕೆಂದು ನಮ್ಮ ಪ್ರಾರ್ಥನೆ. ನಮ್ಮ ಮನೆಯ ಪುಸ್ತಕದಲ್ಲಿ ಈಗ ಅಂತಹ ಹಾಳೆಯೊಂದಿರುವುದು. ಮೇಲಿನ ಸಾಲಿನಲ್ಲಿ ಅಣ್ಣನವರ ಹೆಸರನ್ನೂ ಅವರ ವಯಸ್ಸನ್ನೂ ಬರೆದು, ಅದರ ಮುಂದಿನ ಸ್ಥಳವನ್ನು ಖಾಲಿಯಾಗಿ ಬಿಟ್ಟಿರುವೆವು.