ಹೊಸ ಹಗ್ಗ

ಹೊಸ ಹಗ್ಗವನ್ನು ಮೊದಲ ದಿನವೇ ನಂಬಬಾರದೆಂಬುದು ಬಾವಿಯಿಂದ ನೀರು ಸೇದುವ ಮನೆಗಳಲ್ಲಿ ಎಲ್ಲರಿಗೂ ತಿಳಿದ ಮಾತು. ಅಂಗಡಿಯಿಂದ ತಂದಾಗ ಅದು ಬಿರುಸಾಗಿರುತ್ತದೆ. ಅಂಗೈಗೆ ಚುಚ್ಚುತ್ತದೆ, ರಾಟೆಯ ಮೇಲೆ ಸರಾಗವಾಗಿ ಓಡುವುದಿಲ್ಲ. ನಾಲ್ಕು ದಿನ ನೀರು ಕುಡಿದು, ನಾಲ್ಕು ದಿನ ಕೊಡದ ಭಾರವನ್ನು ಹೊತ್ತು, ಜಗ್ಗುವಷ್ಟು ಜಗ್ಗಿದಮೇಲೆ ಅದು ಮನೆಯ ಹಗ್ಗವಾಗುತ್ತದೆ. ಮೊದಲ ದಿನ ಅಳೆದವನ ಲೆಕ್ಕ ಹತ್ತನೆಯ ದಿನಕ್ಕೆ ಸರಿಬಾರದು. ಬಾವಿಯ ಮಟ್ಟಿಗೆ ಇದರಿಂದ ಕೆಡುವುದೇನೂ ಇಲ್ಲ. ಕೊಡ ನೀರನ್ನು ಮುಟ್ಟಿದರೆ ಸಾಕು. ಆದರೆ ಒಂದು ಗೇಣು ಹೆಚ್ಚಿದರೂ ನ್ಯಾಯ ಕೆಡುವಂಥ ಹಗ್ಗಗಳೂ ಲೋಕದಲ್ಲುಂಟು. ಅಂಥದೊಂದು ಹಗ್ಗದ ಮತ್ತು ಅದನ್ನು ಅಳೆಯುತ್ತಿದ್ದ ಒಬ್ಬ ಮುದುಕನ ಸಂಗತಿ ಇಲ್ಲಿ ಹೇಳತಕ್ಕದ್ದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಿನ್ನೆಸೋಟಾ ಎಂಬುದು ಸರೋವರಗಳ ನಾಡು. ಚಳಿಗಾಲದಲ್ಲಿ ಆ ಸರೋವರಗಳೆಲ್ಲ ಹೆಪ್ಪುಗಟ್ಟಿ ನೆಲದಂತಾಗುತ್ತವೆ. ಚಳಿ ಕಳೆದಮೇಲೆಯೇ ನೀರು ಮತ್ತೆ ನೀರಾಗುತ್ತದೆ. ಅಲ್ಲಿ ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿ ಪೆಪಿನ್ ಸರೋವರವೆಂದು ಹೆಸರು ಪಡೆಯುವ ಕಡೆಯಲ್ಲಿ ಲೇಕ್ ಸಿಟಿ ಎಂಬ ಸಣ್ಣ ಪಟ್ಟಣವಿದೆ. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದೆಂಬ ಯೋಚನೆ ಆ ಊರಿನ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನಿಗೆ ಬಂದಿತು. ಆತ ಪೀಪಾಯಿಯ ಪಟ್ಟಿಗಳನ್ನು ಕಟ್ಟಿಕೊಂಡು ನೋಡಿದ. ಹಿಮದ ಹಲಗೆಗಳನ್ನೇ ಕಟ್ಟಿಕೊಂಡು ನೋಡಿದ. ಎರಡು ಸಲವೂ ಮುಳುಗಿದ. ಕೊನೆಗೆ ಪೈನ್ ಮರದ ಉದ್ದನೆಯ ಎರಡು ಹಲಗೆಗಳನ್ನು ತಂದು, ತಾಯಿಯ ತಾಮ್ರದ ಹಂಡೆಯಲ್ಲಿ ಅವುಗಳ ತುದಿಗಳನ್ನು ಬೇಯಿಸಿ ಮೇಲಕ್ಕೆ ಬಾಗಿಸಿದ. ಕಿಟಕಿಯ ಚೌಕಟ್ಟನ್ನು ಮೇಲೆತ್ತಲು ಕಟ್ಟುವ ಹುರಿಯೇ ಅವನ ಎಳೆಹಗ್ಗವಾಯಿತು. ಅದರ ಉದ್ದ ೧೦೦ ಅಡಿ. ಹಿಡಿದುಕೊಳ್ಳಲು ಒಂದು ಕಬ್ಬಿಣದ ಬಳೆ. ಅಣ್ಣನು ದೋಣಿಯನ್ನು ನಡೆಸಿದನು. ೧೯೨೨ನೆಯ ಇಸವಿ ಜುಲೈ ೨ರಂದು, ಅವನಿಗೆ ಹತ್ತೊಂಬತ್ತು ತುಂಬಲು ಒಂದು ದಿನವಿರುವಾಗ, ಹಲಗೆಯ ಮೂತಿಗಳನ್ನು ಮೇಲೆತ್ತಿ ಹಿಂದಕ್ಕೆ ವಾಲಿದರೆ ನೀರು ಮನುಷ್ಯನನ್ನು ಹೊರುತ್ತದೆಂಬ ಗುಟ್ಟು ತಿಳಿಯಿತು. ಆ ಹುರಿ ಅಂದು ಎಷ್ಟು ಜಗ್ಗಿತೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಎದ್ದು ನಿಂತದ್ದೇ ಗೆಲವಾಗಿದ್ದ ದಿನ ಅದು.

ಆಟ ಬೆಳೆದಂತೆ ಅಳತೆಯೂ ಬೆಳೆಯಿತು. ಈಗ ವಾಟರ್ ಸ್ಕೀಯಿಂಗಿನ ಸ್ಪರ್ಧೆಗಳಲ್ಲಿ ಸ್ಲಾಲಮ್ ಎಂಬ ಬಗೆಯೊಂದಿದೆ. ಮೋಟಾರು ದೋಣಿ ೨೫೯ ಮೀಟರು ಉದ್ದದ ಹಾದಿಯಲ್ಲಿ ಗೆರೆ ಎಳೆದಂತೆ ನೇರವಾಗಿ ಸಾಗುತ್ತದೆ. ಆ ಗೆರೆಯಿಂದ ೧೧.೫ ಮೀಟರು ದೂರದಲ್ಲಿ, ಎಡಕ್ಕೆ ಮೂರು ಬಲಕ್ಕೆ ಮೂರು, ಆರು ತೇಲುಗುಂಡುಗಳು ನಿಂತಿರುತ್ತವೆ. ಒಂದೇ ಹಲಗೆಯ ಮೇಲೆ ನಿಂತ ಆಟಗಾರನು ದೋಣಿಯ ಹಿಂದೆ ಅತ್ತಿಂದಿತ್ತ ದಾಟುತ್ತ ಆರನ್ನೂ ಹೊರಬದಿಯಿಂದ ಬಳಸಿ ಬರಬೇಕು. ಬಂದರೆ ದೋಣಿಯ ವೇಗವನ್ನು ಹೆಚ್ಚಿಸುತ್ತಾರೆ. ಗಂಡಸರಿಗೆ ಗಂಟೆಗೆ ೫೮ ಕಿಲೋಮೀಟರು, ಹೆಂಗಸರಿಗೆ ೫೫. ಅದಕ್ಕೆ ಮೇಲೆ ವೇಗವಿಲ್ಲ. ಅಲ್ಲಿಂದ ಮುಂದೆ ಹಗ್ಗವನ್ನು ಗಿಡ್ಡಮಾಡುತ್ತ ಹೋಗುವುದೇ ಪರೀಕ್ಷೆ. ಹಗ್ಗದಲ್ಲಿ ಗೊತ್ತಾದ ಎಡೆಗಳಲ್ಲಿ ಬಣ್ಣಬಣ್ಣದ ಕುಣಿಕೆಗಳಿರುತ್ತವೆ: ೧೮.೨೫ ಮೀಟರಿಗೆ ಕೆಂಪು, ೧೬ಕ್ಕೆ ಕಿತ್ತಳೆ, ೧೪.೨೫ಕ್ಕೆ ಹಳದಿ, ೧೩ಕ್ಕೆ ಹಸುರು, ೧೨ಕ್ಕೆ ನೀಲಿ, ೧೧.೨೫ಕ್ಕೆ ನೇರಿಳೆ. ಅಮೆರಿಕದವರು ಉಳಿದ ಹಗ್ಗದ ಹೆಸರನ್ನು ಹೇಳುವುದಿಲ್ಲ, ಕಳೆದುದರ ಹೆಸರನ್ನು ಹೇಳುತ್ತಾರೆ. ಇಡೀ ಹಗ್ಗ ೭೫ ಅಡಿ. ನೀಲಿ ಕುಣಿಕೆಯನ್ನು ಸಿಕ್ಕಿಸಿದರೆ ‘ಮೂವತ್ತೈದು ಕಳೆಯಿತು’ ಎಂಬುದು ಅವರ ಮಾತು. ಎಷ್ಟನ್ನು ಬಿಟ್ಟುಕೊಟ್ಟೂ ನಿಲ್ಲಬಲ್ಲೆ ಎಂಬುದೇ ಅಲ್ಲಿ ಹಿರಿಮೆ.

ನೀಲಿ ಕುಣಿಕೆಯ ಹಗ್ಗ ೧೨ ಮೀಟರು. ತೇಲುಗುಂಡಿನ ದೂರ ೧೧.೫. ಹೆಚ್ಚಳ ಅರ್ಧ ಮೀಟರು ಮಾತ್ರ. ದೋಣಿ ಮುಂದಕ್ಕೆ ಓಡುತ್ತಿರುವಾಗ ಹಗ್ಗ ಪೂರ್ತಿ ಅಡ್ಡಕ್ಕೆ ಬರುವುದೂ ಇಲ್ಲ. ಕೊರತೆಯನ್ನು ಆಟಗಾರನು ತನ್ನ ತೋಳಿನಿಂದಲೂ ಮೈಯ ವಾಲಿಕೆಯಿಂದಲೂ ತುಂಬಿಕೊಳ್ಳಬೇಕು. ಅರ್ಧ ಮೀಟರಿನ ಲೆಕ್ಕದಲ್ಲಿ ಒಂದು ಅಡಿ ವ್ಯತ್ಯಾಸವಾದರೆ ಅದು ಬೇರೆಯೇ ಆಟ.

ಲೇಕ್ ಸಿಟಿಗೆ ಬಹಳ ದೂರವಲ್ಲದ ಒಂದು ಚಿಕ್ಕ ಸರೋವರದ ದಡದಲ್ಲಿ ಇಂಥ ಆಟದ ಒಂದು ಸಂಘವಿದೆ. ಅದರ ಹಗ್ಗಗಳ ಮೇಲ್ವಿಚಾರಣೆ ಒಬ್ಬ ವೃದ್ಧನದು. ಆತ ನಲವತ್ತು ವರ್ಷ ಬಡಗಿಯ ಕೆಲಸ ಮಾಡಿ ವಿಶ್ರಾಂತಿ ಪಡೆದವನು. ಎರಡು ಸಲ ಅಳೆದು ಒಂದು ಸಲ ಕೊಯ್ಯಬೇಕೆಂಬುದು ಅವನ ವೃತ್ತಿಯ ಮೊದಲ ಪಾಠ. ಸಂಘದ ಕೊಟ್ಟಿಗೆಯ ಹಿಂದೆ ಗಾರೆಯ ನೆಲದಲ್ಲಿ ಆತ ಒಂದು ಕಬ್ಬಿಣದ ಗೂಟ ನೆಟ್ಟಿದ್ದನು. ಅಲ್ಲಿಂದ ಉಕ್ಕಿನ ಟೇಪು ಹಿಡಿದು, ಪ್ರತಿಯೊಂದು ಕುಣಿಕೆಗೂ ಸಲ್ಲುವ ದೂರದಲ್ಲಿ ಹಿತ್ತಾಳೆಯ ಮೊಳೆ ಹೊಡೆದಿದ್ದನು. ಗೂಟಕ್ಕೆ ಕುಣಿಕೆಯನ್ನು ಸಿಕ್ಕಿಸಿ, ಹಿಡಿಗೆ ಸ್ಪ್ರಿಂಗ್ ತಕ್ಕಡಿಯನ್ನು ತಗುಲಿಸಿ, ಮುಳ್ಳು ಇಪ್ಪತ್ತು ಕಿಲೋ ತೋರಿಸುವವರೆಗೆ ಎಳೆದು, ಹಿಡಿಯ ಒಳಮೈ ಮೊಳೆಗೆ ಎಷ್ಟು ಹತ್ತಿರ ಬಂದಿತೆಂದು ನೋಡುವನು. ಸಡಿಲವಾಗಿ ಬಿದ್ದಿರುವ ಹಗ್ಗಕ್ಕೆ ಉದ್ದವೇ ಇಲ್ಲವೆಂದು ಆತ ಹೇಳುತ್ತಿದ್ದನು. ಒಂದೇ ಭಾರದಲ್ಲಿ ಎಳೆದು ನೋಡಿದ ಹಗ್ಗಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು.

ಒಂದು ವರ್ಷ ಜೂನ್ ತಿಂಗಳಲ್ಲಿ ಎರಡು ಹೊಸ ಹಗ್ಗಗಳು ಬಂದವು. ಇವು ನಾರಿನವಲ್ಲ, ಪಾಲಿಎಥಿಲೀನಿನ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದು, ಒಳಗೆ ಪೊಳ್ಳು ಬಿಟ್ಟು ಮಾಡಿದವು, ನೀರಿನಲ್ಲಿ ಮುಳುಗುವುದಿಲ್ಲ. ಕುಣಿಕೆಗಳನ್ನು ಗಂಟು ಹಾಕಿ ಮಾಡಿಲ್ಲ. ಎಳೆಯ ತುದಿಯನ್ನು ಆ ಪೊಳ್ಳಿನೊಳಕ್ಕೆ ಹೊಗಿಸಿ ಕೂಡಿಸಿದ್ದಾರೆ. ಎಳೆದಷ್ಟೂ ಜಡೆ ಬಿಗಿದು ಒಳಗಿನ ತುದಿಯನ್ನು ಹಿಡಿಯುತ್ತದೆ. ಇಂಥ ಹಗ್ಗ ಜಗ್ಗುವುದು ಎರಡು ಬಗೆಯಾಗಿ. ಒಂದು, ಎಳೆದಾಗ ಹಿಗ್ಗಿ ಬಿಟ್ಟಾಗ ಹಿಂದಿರುಗುವುದು. ಇದು ಆಟಗಾರನ ತೋಳಿಗೆ ಬೇಕಾದ ಮೆತುತನ. ಇನ್ನೊಂದು, ಹೆಣಿಗೆ ಕುಳಿತು, ಹೊಗಿಸಿದ ತುದಿಗಳು ತಮ್ಮ ಜಾಗ ಹಿಡಿದು ಉಂಟಾಗುವ ಹಿಗ್ಗು, ಇದು ಹಿಂದಿರುಗತಕ್ಕದ್ದಲ್ಲ. ಹೊಸ ಹಗ್ಗವನ್ನು ಪಳಗಿಸುವುದೆಂದರೆ ಈ ಎರಡನೆಯ ಹಿಗ್ಗನ್ನು ಮೊದಲೇ ತೀರಿಸಿಬಿಡುವುದು.

ವೃದ್ಧನು ಅವುಗಳನ್ನು ಬಂದಂತೆಯೇ ಒಮ್ಮೆ ಅಳೆದು ಪುಸ್ತಕದಲ್ಲಿ ಬರೆದನು. ಆಮೇಲೆ ಸಂಘದ ದಪ್ಪ ಮೈಯ ಇಬ್ಬರು ತರುಣರನ್ನು ಕರೆದು, ನಸುಕಿನಲ್ಲಿ ನೀರು ಕನ್ನಡಿಯಂತಿರುವಾಗ, ಒಂದೊಂದು ಹಗ್ಗದ ಹಿಂದೆ ಒಬ್ಬೊಬ್ಬನಂತೆ ಹಲವು ಸುತ್ತು ಎಳೆಸಿದನು. ಮೊದಲು ಇಡೀ ಹಗ್ಗ, ಆಮೇಲೆ ಕೆಂಪು ಕುಣಿಕೆ, ಆಮೇಲೆ ಕಿತ್ತಳೆ, ಹೀಗೆ. ಕಾರಣವಿಷ್ಟೆ: ಹಗ್ಗವನ್ನು ಗಿಡ್ಡಮಾಡಿದಾಗ ಸಿಕ್ಕಿಸಿದ ಕುಣಿಕೆಯಿಂದ ಹಿಡಿಯವರೆಗಿನ ಭಾಗ ಮಾತ್ರ ಭಾರ ಹೊರುತ್ತದೆ, ದೋಣಿಯ ಕಡೆಯ ಮಿಕ್ಕ ಭಾಗ ಸುಮ್ಮನೆ ಬಿದ್ದಿರುತ್ತದೆ. ಹಿಡಿಯ ಹತ್ತಿರದ ತುಂಡಿಗೆ ಎಂದೂ ಬಿಡುವಿಲ್ಲ. ಆದಕಾರಣ ಒಂದೇ ಹಗ್ಗ ಒಂದೊಂದು ಕಡೆ ಒಂದೊಂದು ಅಳತೆಗೆ ಜಗ್ಗುತ್ತದೆ. ಇಡೀ ಉದ್ದವನ್ನು ನೋಡಿ ಒಳಗಿನದನ್ನು ಊಹಿಸಬಾರದು. ಪ್ರತಿಯೊಂದು ಕುಣಿಕೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಸಂಜೆ ಹೊಸ ಹಗ್ಗಗಳನ್ನು ಅಳೆದಾದಮೇಲೆ, ಹೋಲಿಸಿ ನೋಡೋಣವೆಂದು ಆತ ಹಳೆಯ ಹಗ್ಗವನ್ನೂ ಗೂಟಕ್ಕೆ ಸಿಕ್ಕಿಸಿದನು.   ನೀಲಿಗೆ ಬಂದಾಗ ಹಿಡಿ ಮೊಳೆಯನ್ನು ದಾಟಿ ಹೋಯಿತು. ಟೇಪು ಇಟ್ಟು ನೋಡಿದರೆ ೧೨ ಮೀಟರು ೩೦ ಸೆಂಟಿಮೀಟರು. ತಕ್ಕಡಿ ತಪ್ಪಿತೆಂದು ಬಿಚ್ಚಿ ಮತ್ತೆ ಕಟ್ಟಿದನು, ಅಷ್ಟೇ ಬಂದಿತು. ಹಿಡಿಯ ಕಡೆಯ ಒಂದು ಕೂಡಿಕೆಯಲ್ಲಿ ಒಳಗಿನ ತುದಿ ಜಾರಿತ್ತು. ನಿಯಮ ಕ್ಷಮಿಸುವ ಅಂತರವನ್ನು ಇದು ಎಂದೋ ಮೀರಿತ್ತು.

ಹಿಂದಿನ ವಾರವಷ್ಟೆ ಸಂಘದ ಸ್ಪರ್ಧೆ ಈ ಹಗ್ಗದಲ್ಲೇ ನಡೆದಿತ್ತು. ಅವನ ಹದಿನೇಳು ವಯಸ್ಸಿನ ಮೊಮ್ಮಗಳು ನೀಲಿ ಕುಣಿಕೆಯಲ್ಲಿ ಆರು ಗುಂಡುಗಳನ್ನೂ ಬಳಸಿ ಬಂದದ್ದು ಅಂದೇ, ಜನ್ಮದಲ್ಲಿ ಮೊದಲನೆಯ ಸಲ. ಮೂರು ಬೇಸಗೆ ಅವಳು ಅದಕ್ಕಾಗಿ ಬಿದ್ದಿದ್ದಳು, ಎದ್ದಿದ್ದಳು. ಆ ದಿನ ಹಗ್ಗ ಸರಿಯಾಗಿದೆಯೆಂದು ಕಾಗದಕ್ಕೆ ರುಜು ಹಾಕಿದವನು ತಾನೇ. ಮೇ ತಿಂಗಳಲ್ಲಿ ಅಳೆದ ಅಂಕೆಯನ್ನು ನಂಬಿ, ಮತ್ತೆ ಅಳೆಯದೆ ಹಾಕಿದ ರುಜು ಅದು.

ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಹಳೆಯ ಹಗ್ಗವನ್ನು ಹೇಗೂ ಎಸೆಯುವುದೇ. ಅದರೊಡನೆ ಈ ಸಂಗತಿಯೂ ಹೋಗುತ್ತಿತ್ತು. ಬಲ್ಲವನು ಆತನೊಬ್ಬನೆ. ಬೆಳಗಾದಮೇಲೆ ಮೊಮ್ಮಗಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಏನೂ ಹೇಳದೆ, ಹಗ್ಗವನ್ನು ಅವಳೆದುರಿಗೇ ಎಳೆದು ತೋರಿಸಿದನು. ಅವಳು ಮೊಳೆಯನ್ನು ನೋಡಿದಳು, ಹಿಡಿಯನ್ನು ನೋಡಿದಳು.

“ಅಂದು ಅಳೆದಿರಲಿಲ್ಲವೆ, ಅಜ್ಜ?”

“ಇಲ್ಲ ಮಗು. ತಪ್ಪು ನನ್ನದು.”

“ಎಲ್ಲರೂ ಆಡಿದ್ದು ಅದೇ ಹಗ್ಗದಲ್ಲಿ. ನನಗೊಬ್ಬಳಿಗೇ ಉದ್ದವಾಗಿರಲಿಲ್ಲವಲ್ಲ.”

“ನಿಜ. ಇಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬುದು ಅದರಿಂದ ಬದಲಾಗದು. ಆದರೆ ನಿನ್ನ ಅಂಕೆ ಇಲ್ಲಿಗೇ ನಿಲ್ಲುವುದಿಲ್ಲ. ಬೇರೆ ಸರೋವರದಲ್ಲಿ ಸರಿಯಾದ ಹಗ್ಗ ಹಿಡಿದು ಐದೇ ಗುಂಡು ಬಳಸಿದ ಹುಡುಗಿಯ ಅಂಕೆಯ ಮೇಲೆ ಹೋಗಿ ಕೂರುತ್ತದೆ.”

ಅವಳು ಉತ್ತರ ಹೇಳಲಿಲ್ಲ. ಕೈಯಲ್ಲಿದ್ದ ಹಿಡಿಯನ್ನು ನೆಲಕ್ಕೆ ಬಿಟ್ಟು ಮನೆಗೆ ಹೊರಟುಹೋದಳು. ಎರಡು ದಿನ ಅಜ್ಜನೊಡನೆ ಮಾತಾಡಲಿಲ್ಲ.

ಆತನು ಅದೇ ದಿನ ಸಂಘದ ಕಾರ್ಯದರ್ಶಿಗೆ ಕಾಗದ ಬರೆದನು. ಹಗ್ಗದ ಅಳತೆ ಇಷ್ಟು, ಇರಬೇಕಾದದ್ದು ಇಷ್ಟು, ಪರೀಕ್ಷಿಸದೆ ರುಜು ಹಾಕಿದವನು ತಾನು; ನೀಲಿ ಕುಣಿಕೆಯಲ್ಲಿ ಬಂದ ಅಂಕೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು; ಇನ್ನು ಮುಂದೆ ಸ್ಪರ್ಧೆಯ ದಿನ ಬೆಳಗ್ಗೆಯೇ ಅಳೆಯಬೇಕು, ರುಜು ಎರಡಿರಬೇಕು. ಆ ಕುಣಿಕೆಯವರೆಗೆ ಬಂದವರು ಮೊಮ್ಮಗಳಲ್ಲದೆ ಇನ್ನಿಬ್ಬರಿದ್ದರು. ಅವರ ಮನೆಗಳಿಗೆ ತಾನೇ ಹೋಗಿ ಹೇಳಿ ಬಂದನು. ಒಬ್ಬನು ನಕ್ಕು ಬಿಟ್ಟುಬಿಟ್ಟನು. ಇನ್ನೊಬ್ಬನು ಬಾಗಿಲಲ್ಲಿಯೇ ನಿಲ್ಲಿಸಿ ಮಾತಾಡಿದನು. ಅದನ್ನು ಆತ ಯಾರೊಡನೆಯೂ ದೂರಲಿಲ್ಲ. ಸಂಘದವರು ಸ್ಥಾನಗಳನ್ನು ಹಾಗೆಯೇ ಇಟ್ಟು, ಅಂಕೆಗಳನ್ನು ಹೊಡೆದುಹಾಕಿದರು.

ಮೂರನೆಯ ದಿನ ನಸುಕಿನಲ್ಲಿ ಆತ ಹೊಸ ಹಗ್ಗವನ್ನು ಮತ್ತೊಮ್ಮೆ ಅಳೆಯಲು ಹೋದಾಗ ಕೊಟ್ಟಿಗೆಯ ಹಿಂದೆ ಮೊಮ್ಮಗಳು ಆಗಲೇ ನಿಂತಿದ್ದಳು. ತಕ್ಕಡಿಯನ್ನು ಅವಳೇ ಹಿಡಿದು ಎಳೆದಳು. ಮುಳ್ಳು ಇಪ್ಪತ್ತಕ್ಕೆ ಬಂದಾಗ ಆತ ಬಗ್ಗಿ ಮೊಳೆಯನ್ನು ನೋಡಿದನು. ಆಮೇಲೆ ಕೈ ಬದಲಿಸಿ, ಆತ ಎಳೆದನು, ಅವಳು ನೋಡಿದಳು. ನೀಲಿ ಕುಣಿಕೆ ೧೨ ಮೀಟರು ಎರಡು ಸೆಂಟಿಮೀಟರು. ಹಿಂದಿನ ಸಂಜೆಗೂ ಆ ಬೆಳಗ್ಗೆಗೂ ವ್ಯತ್ಯಾಸವಿಲ್ಲ. ಹಗ್ಗ ಪಳಗಿತ್ತು. ಪುಸ್ತಕದಲ್ಲಿ ಅಂಕೆಯ ಕೆಳಗೆ ಇಬ್ಬರೂ ಹೆಸರು ಬರೆದರು.

ಆ ಬೇಸಗೆ ಮುಗಿಯುವವರೆಗೂ ಅವಳು ಆ ಹಗ್ಗದಲ್ಲಿ ಆರು ಗುಂಡುಗಳನ್ನು ಬಳಸಲಾರದೆ ಹೋದಳು. ಒಮ್ಮೆ ಮೂರು, ಒಮ್ಮೆ ನಾಲ್ಕು, ಸೆಪ್ಟೆಂಬರಿನ ಒಂದು ಚಳಿಯ ಮುಂಜಾನೆ ಐದು. ಐದನೆಯದನ್ನು ಬಳಸಿ ಬಿದ್ದವಳು ದೋಣಿ ಹತ್ತಿರ ಬಂದೊಡನೆ ನೀರಿನಲ್ಲಿಯೇ ಕೇಳಿದ್ದು, “ಇಂದು ಅಳೆದಿದ್ದೀರಾ, ಅಜ್ಜ?” ಎಂದು. ಅಳೆದಿದೆ ಎಂದು ಆತ ತಲೆಯಾಡಿಸಿದನು. ಹಾಗಾದರೆ ಬರೆದುಕೊಳ್ಳಿ ಎಂದಳು. ಆತ ಜೇಬಿನಿಂದ ಪುಸ್ತಕವನ್ನು ತೆಗೆದು ‘ಐದು’ ಎಂದು ಬರೆದನು.